ಸಂಪಾದಕರ ಉತ್ತರ: ಹೂಳೆತ್ತುವುದಕ್ಕೆ ಯಾರೂ ಕಲ್ಲು ನೆಡುವುದಿಲ್ಲ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ನಾಲ್ಕು ಪುಟ ಇದೆ. ಅಷ್ಟನ್ನೂ ಅಚ್ಚು ಹಾಕಲು ಜಾಗವಿಲ್ಲ. ಹಾಗಾಗಿ ಉಳಿದ ಓದುಗರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಹಾಸನ ಜಿಲ್ಲೆಯ ಈ ಮೇಷ್ಟ್ರು ನಿವೃತ್ತಿಯಾಗಿ ಹುಟ್ಟೂರಿಗೆ ವಾಪಸ್ಸಾಗಿದ್ದಾರೆ. ಮನೆ ಮುಂದೆ ಎರಡು ವರ್ಷದ ಹಿಂದೆ ಕಟ್ಟಿದ ಕಾಂಕ್ರೀಟ್ ಚರಂಡಿ ಗುಟ್ಕಾ ಪ್ಯಾಕೆಟ್ಟು, ಹಾಲಿನ ಕವರು ತುಂಬಿ ಕಟ್ಟಿಕೊಂಡಿದೆ. ಬೀದಿ ದೀಪ ಹಗಲೂ ಉರಿಯುತ್ತಿದೆ. ಶುದ್ಧ ನೀರಿನ ಘಟಕಕ್ಕೆ ಬೀಗ ಬಿದ್ದು ಎಂಟು ತಿಂಗಳಾಯಿತು. ‘ಈ ಪಂಚಾಯಿತಿ ಇದ್ದರೆಷ್ಟು, ಹೋದರೆಷ್ಟು? ಪತ್ರಿಕೆಯವರು ಯಾಕೆ ಬಾಯಿ ಬಿಡಲ್ಲ?’ ಎಂದು ಕೇಳಿದ್ದಾರೆ.

ಬಿಡುತ್ತೇನೆ ಮೇಷ್ಟ್ರೇ. ಆದರೆ ಪೂರ್ತಿ ನಿಮ್ಮ ಪರವಾಗಿಯೇ ಮಾತಾಡುತ್ತೇನೆ ಅಂದುಕೊಳ್ಳಬೇಡಿ.

ನಿಮ್ಮ ದೂರುಗಳನ್ನು ಇನ್ನೊಮ್ಮೆ ಓದಿ ನೋಡಿ. ಚರಂಡಿ ಇದೆ. ದೀಪ ಇದೆ. ಘಟಕವೂ ಇದೆ. ಯಾವುದನ್ನೂ ನೀವು ‘ಇಲ್ಲ’ ಅಂದಿಲ್ಲ. ಇರುವುದನ್ನು ನೋಡಿಕೊಳ್ಳುವವರು ಇಲ್ಲ ಅಂದಿದ್ದೀರಿ. ಪಂಚಾಯಿತಿಗಳ ಕಾಯಿಲೆ ಇರುವುದೇ ಇಲ್ಲಿ.

ಹೊಸದು ಕಟ್ಟುವುದಕ್ಕೆ ಹಣ ಬಹುಪಾಲು ಮೇಲಿಂದ ಬರುತ್ತದೆ. ಪೂಜೆ ಆಗುತ್ತದೆ, ಟೇಪು ಕತ್ತರಿಸುತ್ತಾರೆ, ಹೆಸರು ಕೆತ್ತಿದ ಕಲ್ಲು ನಿಲ್ಲುತ್ತದೆ. ಹೂಳೆತ್ತುವುದಕ್ಕೆ ಯಾರಾದರೂ ಕಲ್ಲು ನೆಟ್ಟಿದ್ದನ್ನು ನೋಡಿದ್ದೀರಾ? 1987ರಲ್ಲಿ ಈಗಿನ ಗ್ರಾಮ ಪಂಚಾಯಿತಿಗೂ ಮೊದಲಿನ ಮಂಡಲ ಪಂಚಾಯಿತಿಗಳು ಬಂದ ಕಾಲ ನಿಮಗೇ ನೆನಪಿರುತ್ತದೆ. ಅವುಗಳ ಹಿಂದಿದ್ದ ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರನ್ನು ಜನ ಇವತ್ತಿಗೂ ‘ನೀರ್ ಸಾಬ್’ ಅನ್ನುತ್ತಾರೆ, ಬೋರ್‌ವೆಲ್ ಕೊರೆಸಿದ್ದಕ್ಕೆ. ಆ ಬೋರಿನ ಹ್ಯಾಂಡ್‌ಪಂಪಿಗೆ ವರ್ಷಾನುಗಟ್ಟಲೆ ವಾಷರ್ ಹಾಕಿದವನ ಹೆಸರು ಯಾರಿಗೆ ಗೊತ್ತು? (ಸಾಬರ ಮೇಲಿನ ಗೌರವ ಕಮ್ಮಿಯಾಗಿ ಹೇಳುತ್ತಿಲ್ಲ. ಅಧಿಕಾರವನ್ನು ಹಳ್ಳಿಗೆ ಇಳಿಸಬೇಕೆಂದು ಅವರಷ್ಟು ಹಟ ಹಿಡಿದವರು ಜಾಸ್ತಿ ಮಂದಿ ಇಲ್ಲ.)

ಹೋದ ವರ್ಷ ಬಯಲುಸೀಮೆಯ ಒಂದು ಊರಲ್ಲಿ ನೀರುಗಂಟಿಯ (ಊರಿಗೆ ನೀರು ಬಿಡುವವರ) ಜೊತೆ ಒಂದು ಬೆಳಗ್ಗೆ ಸುತ್ತಿದೆ. ಐದು ಗಂಟೆ, ಇನ್ನೂ ಕತ್ತಲು. ಅವರ ಕೈಯಲ್ಲಿ ಎದೆಯುದ್ದದ ಕಬ್ಬಿಣದ ಕೀಲಿ, ಬಾಯಲ್ಲಿ ಕಚ್ಚಿಕೊಂಡ ಮೊಬೈಲ್ ಟಾರ್ಚು. ರಸ್ತೆ ಪಕ್ಕದ ಗುಂಡಿಯ ಮುಚ್ಚಳ ಸರಿಸಿದರೆ ಒಳಗೆ ಕಪ್ಪೆ. ಅದನ್ನು ಕಾಲಲ್ಲಿ ಮೆಲ್ಲಗೆ ಪಕ್ಕಕ್ಕೆ ತಳ್ಳಿ ವಾಲ್ವ್ ತಿರುಗಿಸಿದರು. ಮೇಲಿನ ಕೇರಿಗೆ ಪೂರ್ತಿ ಬಿಡಬೇಕು, ಅದು ದಿಬ್ಬದ ಮೇಲಿದೆ. ಕೆಳಗಿನ ಕೇರಿಗೆ ಎರಡು ಸುತ್ತು ಸಾಕು. ಇದೆಲ್ಲ ಯಾವ ನಕ್ಷೆಯಲ್ಲೂ ಇಲ್ಲ, ಅವರ ತಲೆಯಲ್ಲಿದೆ. ಯಾವ ಮನೆಯವರು ಪೈಪಿಗೆ ಕದ್ದು ಮೋಟರ್ ಹಾಕಿ ಎಳೆಯುತ್ತಾರೆ ಎನ್ನುವುದೂ ಗೊತ್ತು. ‘ಹೇಳಿದರೆ ಜಗಳ, ಹೇಳದಿದ್ದರೆ ಕೆಳಗಿನವರಿಂದ ಬೈಗುಳ’ ಎಂದು ನಕ್ಕರು. ರಾತ್ರಿ ತ್ರೀ ಫೇಸ್ ಕರೆಂಟ್ ಯಾವಾಗ ಬಂದರೆ ಆವಾಗ ಎದ್ದು ಮೋಟರ್ ಹಾಕಬೇಕು. ಟ್ಯಾಂಕು ತೊಳೆದ ತಾರೀಕನ್ನು ಅದರ ಗೋಡೆ ಮೇಲೆ ಬಣ್ಣದಲ್ಲಿ ಬರೆದಿದ್ದರು. ಅದೂ ಅವರದೇ ಕೈಬರಹ. ಮೂರು ತಿಂಗಳಿಂದ ಸಂಬಳ ಮಾತ್ರ ಬಂದಿರಲಿಲ್ಲ.

ಯಾಕೆ ಬಂದಿರಲಿಲ್ಲ? ಹಣ ಇಲ್ಲ ಅಂತಲ್ಲ, ಪ್ರತಿ ಹಣಕ್ಕೂ ಒಂದು ಹಣೆಬರಹ ಇರುತ್ತದೆ. 2021ರಿಂದ 26ರವರೆಗಿನ 15ನೇ ಹಣಕಾಸು ಆಯೋಗದ ಅನುದಾನವನ್ನೇ ನೋಡಿ. ನೂರರಲ್ಲಿ 60 ರೂಪಾಯಿಗೆ ಮೊದಲೇ ಕಟ್ಟುಪಾಡು: 30 ನೀರಿಗೆ, 30 ನೈರ್ಮಲ್ಯಕ್ಕೆ. ಉಳಿದ 40ನ್ನು ಊರಿಗೆ ಬೇಕಾದ್ದಕ್ಕೆ ಬಳಸಬಹುದಿತ್ತು, ಆದರೆ ಸಂಬಳಕ್ಕೆ ಮುಟ್ಟುವ ಹಾಗಿರಲಿಲ್ಲ. ರಾಜ್ಯ ಸರ್ಕಾರ ಕೊಡುವ ಶಾಸನಬದ್ಧ ಅನುದಾನದಲ್ಲಿ ದೊಡ್ಡ ಪಾಲನ್ನು ಬೀದಿ ದೀಪ, ನೀರಿನ ಮೋಟರ್‌ಗಳ ಕರೆಂಟ್ ಬಿಲ್ಲೇ ನುಂಗುತ್ತದೆ. ನಿಮ್ಮ ಮನೆ ಮುಂದೆ ಹಗಲು ಉರಿಯುವ ದೀಪವೂ ಅದರಲ್ಲಿ ಸೇರಿತು ಅನ್ನಿ. ವಾಷರ್, ಬಲ್ಬು, ಬ್ಲೀಚಿಂಗ್ ಪೌಡರು, ಅರ್ಧ ದಿನದ ಕೂಲಿ ಇಂಥ ಚಿಲ್ಲರೆ ಖರ್ಚಿಗೆ ಪಂಚಾಯಿತಿ ನೆಚ್ಚಿಕೊಳ್ಳಬೇಕಾದ್ದು ಸ್ವಂತ ಆದಾಯವನ್ನೇ. ಅಂದರೆ ಮನೆ ಕಂದಾಯ, ನೀರಿನ ಶುಲ್ಕ, ಅಂಗಡಿ ಲೈಸೆನ್ಸು, ಸಂತೆ ಸುಂಕ.

ನಿಮ್ಮ ಕಂದಾಯದ ರಸೀದಿ ಎಲ್ಲಾದರೂ ಇದ್ದರೆ ತೆಗೆದು ನೋಡಿ. ಕಂದಾಯದ ಮೇಲೆ ನೂರಕ್ಕೆ 15ರಂತೆ ಆರೋಗ್ಯ ಕರ, 10 ಶಿಕ್ಷಣ ಕರ, 6 ಗ್ರಂಥಾಲಯ ಕರ, 3 ಭಿಕ್ಷುಕರ ಕರ ಹಾಕಿರುತ್ತಾರೆ. ಗ್ರಂಥಾಲಯದ ಆ ಆರು ರೂಪಾಯಿಯ ಕಥೆ ನನಗೆ ಇಷ್ಟ. 2019ರಲ್ಲಿ ಹಳ್ಳಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮಾರನೇ ವರ್ಷ ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ ಮಕ್ಕಳ ದಿನಾಚರಣೆಯಂದು ‘ಓದುವ ಬೆಳಕು’ ಶುರುವಾಯಿತು. ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ. ಧೂಳು ಹಿಡಿದಿದ್ದ ಎಷ್ಟೋ ಕೋಣೆಗಳು ಸುಣ್ಣ ಬಣ್ಣ ಕಂಡಿದ್ದು ಆಮೇಲೆಯೇ. ‘ಅರಿವು ಕೇಂದ್ರ’ ಎಂಬ ಹೆಸರೂ ಬಂತು. ನಿಮ್ಮ ಊರಿನ ಅರಿವು ಕೇಂದ್ರಕ್ಕೆ ಹೋಗಿದ್ದೀರಾ? ನಾಲ್ಕು ಪುಟದಲ್ಲಿ ಅದರ ಸುದ್ದಿಯೇ ಇಲ್ಲ.

ದುಡ್ಡು ತಿನ್ನುವವರು ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದ್ದಾರೆ. ಹೂಳೆತ್ತುವ ಬಿಲ್ಲಿನಲ್ಲೇ ಬೇಕಾದಷ್ಟು ತಿನ್ನಬಹುದು. ಮಳೆಗಾಲ ಕಳೆದ ಮೇಲೆ ಎತ್ತಿದ್ದರೋ ಬಿಟ್ಟಿದ್ದರೋ, ಚರಂಡಿ ಬಾಯಿ ಬಿಡುವುದಿಲ್ಲವಲ್ಲ. ಅದಕ್ಕೇ ಜಮಾಬಂದಿ ಅಂತ ಇಟ್ಟಿರುವುದು. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಪಂಚಾಯಿತಿಯ ಹಿಂದಿನ ವರ್ಷದ ಲೆಕ್ಕ, ಕಾಮಗಾರಿ ಎಲ್ಲವನ್ನೂ ಊರವರ ಎದುರು ತೆರೆದಿಡಬೇಕು. ‘ಈ ಚರಂಡಿಗೆ ಎಷ್ಟು ಬರೆದಿದ್ದೀರಿ, ನಡೀರಿ ನೋಡೋಣ’ ಎಂದು ಕೇಳುವ ದಿನ ಅದು. ಕೇಳುವವರೇ ಬರದಿದ್ದರೆ ಕಾಫಿ ಕುಡಿದು, ಸಹಿ ಹಾಕಿ ಮುಗಿಸುತ್ತಾರೆ.

‘ಗ್ರಾಮಸಭೆಗೆ ನಾನು ಹೋಗಲ್ಲ, ಅಲ್ಲಿ ಬರೀ ಗಲಾಟೆ’ ಅಂತ ಬರೆದಿದ್ದೀರಿ. ಗಲಾಟೆ ನಿಜ. ನಾನು ಕೂತಿದ್ದ ಒಂದು ಸಭೆಯ ಕಥೆ ಕೇಳಿ. ಶಾಲೆ ಅಂಗಳ, ಶಾಮಿಯಾನ, ಕಿರುಗುಡುವ ಮೈಕು. ಮುನ್ನೂರು ಜನ ಇದ್ದಿರಬಹುದು. ಮನೆ ಫಲಾನುಭವಿಗಳ ಪಟ್ಟಿ ಓದುವಾಗ ಕುರ್ಚಿ ಎತ್ತಾಡುವುದೊಂದು ಬಾಕಿ. ಪಟ್ಟಿ ಮುಗಿಯಿತು, ಜನವೂ ಮುಗಿಯಿತು. ಮುಂದಿನ ವರ್ಷದ ಕ್ರಿಯಾ ಯೋಜನೆ ಓದುವಷ್ಟರಲ್ಲಿ ಸದಸ್ಯರು, ಸಿಬ್ಬಂದಿ ಬಿಟ್ಟರೆ ಹನ್ನೊಂದು ಜನ. ಅದರಲ್ಲಿ ಮೂವರು ಗುತ್ತಿಗೆದಾರರ ಕಡೆಯವರು. ಊರಿನ ಒಂದು ವರ್ಷದ ಕೆಲಸ ಹತ್ತು ನಿಮಿಷದಲ್ಲಿ ‘ಅನುಮೋದಿಸಲಾಗಿದೆ’ ಆಯಿತು. ಹೊಸ ಚರಂಡಿ ಎರಡಿದ್ದವು. ಹಳೆಯದರ ರಿಪೇರಿ ಒಂದೂ ಇರಲಿಲ್ಲ. ಕೇಳಲು ಅಲ್ಲಿ ಯಾರಿದ್ದರು?

ನನ್ನ ಮಟ್ಟಿಗೆ ಗ್ರಾಮಸಭೆಗಿಂತ ಅದಕ್ಕೆ ಮೊದಲು ನಡೆಯುವ ವಾರ್ಡ್ ಸಭೆಯೇ ಮುಖ್ಯ. ಆರು ತಿಂಗಳಿಗೆ ಒಮ್ಮೆಯಾದರೂ ನಡೆಸಬೇಕು ಅಂತ ಕಾನೂನಿದೆ. ನಿಮ್ಮ ಬೀದಿಯ ಹತ್ತಿಪ್ಪತ್ತು ಮನೆಯವರು ಹೋದರೆ ಅಲ್ಲಿ ನಿಮ್ಮ ಮಾತೇ ಮಾತು. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಸುಮಾರು 400 ಜನಕ್ಕೆ ಒಬ್ಬ ಸದಸ್ಯರು. ನಿಮ್ಮ ವಾರ್ಡಿನ ಸದಸ್ಯರು ನಿಮ್ಮ ಹತ್ತಿರವೇ ಮಗ್ಗಿ ಕಲಿತವರಾಗಿದ್ದರೂ ಆಶ್ಚರ್ಯವಿಲ್ಲ.

ಇನ್ನು ನಿಮ್ಮ ಮೂರು ದೂರು. ಹಗಲು ಉರಿಯುವ ದೀಪಕ್ಕೆ ಮರೆವು ಕಾರಣ ಆಗಿರಲಿಕ್ಕಿಲ್ಲ. ಅನೇಕ ಹಳ್ಳಿಗಳಲ್ಲಿ ಬೀದಿ ದೀಪಕ್ಕೆ ಬೇರೆ ತಂತಿ, ಸ್ವಿಚ್ಚು ಎಳೆದೇ ಇಲ್ಲ. ಲೈನಿನಲ್ಲಿ ಕರೆಂಟ್ ಇರುವಷ್ಟು ಹೊತ್ತೂ ದೀಪ ಉರಿಯುತ್ತದೆ. ‘ಬೇರೆ ತಂತಿ, ಸ್ವಿಚ್ಚು, ಮೀಟರ್ ಹಾಕಿಸಿ’ ಎಂದು ಬರೆದುಕೊಡಿ. ನೀರಿನ ಘಟಕದಲ್ಲಿ ಸಾಮಾನ್ಯವಾಗಿ ಕೈ ಕೊಡುವುದು ಫಿಲ್ಟರು, ಮೆಂಬ್ರೇನು. ನಿರ್ವಹಣೆ ಯಾರದು, ಕರಾರು ಯಾವಾಗ ಮುಗಿಯಿತು ಎಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿ, ಉತ್ತರವನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ.

ಚರಂಡಿಯದು ಮಾತ್ರ ಬರೀ ಪಂಚಾಯಿತಿಯ ತಪ್ಪಲ್ಲ. ಹಾಲಿನ ಕವರು ತಾನಾಗಿ ನಡೆದು ಬಂದು ಬೀಳಲಿಲ್ಲ ಅಲ್ವಾ? ಹೂಳೆತ್ತಿದರೆ ಮತ್ತೆ ಮೂರು ತಿಂಗಳಿಗೆ ಅದೇ ಕಥೆ. ಕಸದ ಗಾಡಿ ಬರಬೇಕು. ಉಡುಪಿ ಜಿಲ್ಲೆಯ ವಂಡ್ಸೆ ಪಂಚಾಯಿತಿ ಮನೆಮನೆಯಿಂದ ಕಸ ತಂದು, ವಿಂಗಡಿಸಿ, ಮಾರುವ ಕೆಲಸಕ್ಕೆ ಬಹಳ ಮೊದಲೇ ಹೆಸರು ಮಾಡಿತು. ಅದೇ ಜಿಲ್ಲೆಯ ನಿಟ್ಟೆಯಲ್ಲಿ ಹತ್ತಾರು ಪಂಚಾಯಿತಿಗಳ ಒಣ ಕಸಕ್ಕೆ ಸೇರಿ ಒಂದೇ ಘಟಕ ಇದೆ. ಈಗ ಎಷ್ಟೋ ಕಡೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಆ ಗಾಡಿಯ ಸ್ಟಿಯರಿಂಗ್ ಹಿಡಿದಿದ್ದಾರೆ. ತಿಂಗಳಿಗೆ ಇಷ್ಟು ಅಂತ ಮನೆಯವರು ಶುಲ್ಕ ಕೊಟ್ಟರೆ ಗಾಡಿಗೆ ಡೀಸೆಲ್ಲು, ಅವರಿಗೆ ಕೂಲಿ. ‘ಕಸಕ್ಕೂ ದುಡ್ಡಾ?’ ಎಂದು ಬಾಗಿಲು ಹಾಕಿಕೊಂಡರೆ ಗಾಡಿ ಪಂಚಾಯಿತಿ ಹಿಂದೆ ತುಕ್ಕು ಹಿಡಿಯುತ್ತದೆ. ಅಂಥ ಗಾಡಿಗಳನ್ನೂ ನೋಡಿದ್ದೇನೆ.

ಒಂದು ಸಣ್ಣ ಪ್ರಶ್ನೆ ಉಳಿಯಿತು, ಬೇಜಾರು ಮಾಡಿಕೊಳ್ಳಬೇಡಿ. ಈ ವರ್ಷದ ಕಂದಾಯ ಕಟ್ಟಿದ್ದೀರಾ? ಕಟ್ಟಿದ್ದರೆ ರಸೀದಿ ಜೇಬಲ್ಲಿಟ್ಟುಕೊಂಡೇ ವಾರ್ಡ್ ಸಭೆಗೆ ಹೋಗಿ. ಅಲ್ಲಿ ಏನಾಯಿತು ಅಂತ ಬರೆದು ಕಳಿಸಿ. ಈ ಸಲ ಎರಡೇ ಪುಟ ಇರಲಿ, ಒಂದಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇನೆ.