ನಿಂತ ಟ್ರ್ಯಾಕ್ಟರಿಗೆ ಸೆಲ್ಫ್ ಹೊಡೆಯುವ ಮೊದಲು

ಓದುಗರ ಪ್ರಶ್ನೆ: ಹೊಲ, ತೋಟ, ಯಂತ್ರ

ಈ ಸಲ ಬಂದ ಪತ್ರಗಳಲ್ಲಿ ಹಳೇ ಟ್ರ್ಯಾಕ್ಟರಿನವೇ ಜಾಸ್ತಿ. ತೊಗರಿ ರಾಶಿ ಮುಗಿದು ಕೈಯಲ್ಲಿ ನಾಲ್ಕು ದುಡ್ಡು ಆಡುವ ಹೊತ್ತು, ಅದಕ್ಕೇ ಇರಬಹುದು. ನಾಲ್ಕು ಪತ್ರ ಆರಿಸಿದ್ದೇನೆ. ಮೊದಲನೆಯದರ ಉತ್ತರ ಉದ್ದವಾಗಿದೆ, ಯಾಕೆಂದರೆ ಅಲ್ಲೇ ಎಡವಿ ದುಡ್ಡು ಕಳೆದುಕೊಂಡವರು ಬಹಳ ಜನ.

ಪ್ರಶ್ನೆ: ನಮಸ್ಕಾರ ಕಾಕಾ. ಆಳಂದ ತಾಲ್ಲೂಕಿನಲ್ಲಿ ನಮಗೆ ಎರಡು ಎಕರೆ ನಿಂಬೆ ಮತ್ತು ಪೇರಲ ತೋಟ, ನಾಲ್ಕು ಎಕರೆ ತೊಗರಿ ಹೊಲ ಇದೆ. ಊರಿನವರೊಬ್ಬರ ಕೊಟ್ಟಿಗೆ ಹಿಂದೆ ಹಳೇ ಮಿತ್ಸುಬಿಷಿ ಶಕ್ತಿ 180ಡಿ ಮಿನಿ ಟ್ರ್ಯಾಕ್ಟರ್ ನಾಲ್ಕು ವರ್ಷದಿಂದ ನಿಂತಿದೆ. ‘ಬ್ಯಾಟರಿ ಹಾಕಿದರೆ ಸಾಕು, ಚಾಲೂ ಆಗುತ್ತದೆ’ ಅಂತಾರೆ. ತಗೊಳ್ಳಲಾ? ತಗೊಂಡರೆ ಮೊದಲು ಏನು ಮಾಡಲಿ?

ಉತ್ತರ: ತಮ್ಮಾ, ಗಾಡಿ ಒಳ್ಳೆಯದೇ. ಬೆಂಗಳೂರಿನ ವಿಎಸ್‌ಟಿ ಕಂಪನಿ ಮಾಡಿದ್ದು, 18.5 ಅಶ್ವಶಕ್ತಿ, ಮೂರು ಸಿಲಿಂಡರ್. ನಿಂಬೆ ಗಿಡದ ನಡುವೆ ಓಡಾಡಲು, ಔಷಧ ಹೊಡೆಯಲು, ಸಣ್ಣ ರೋಟವೇಟರ್ ಹಾಕಲು ಸಾಕು. ತೊಗರಿಯಲ್ಲಿ ಎಡೆ ಹೊಡೆಯುವ ಆಸೆ ಇದ್ದರೆ ಮಾತ್ರ ಟೇಪು ಹಿಡಿದು ಹೋಗಿ. ಹಿಂದಿನ ಒಂದು ಗಾಲಿಯ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿಗೆ ಎಷ್ಟಿದೆ ಅಳೆಯಿರಿ, ನಿಮ್ಮ ಸಾಲಿನ ಅಂತರ ಎಷ್ಟಿದೆ ನೋಡಿ. ಎರೆ ಭೂಮಿಗೆ ಬೇಸಿಗೆಯಲ್ಲಿ ಆಳವಾಗಿ ನೇಗಿಲು ಹೊಡೆಯುವುದು ಇದರಿಂದ ಆಗುವುದಿಲ್ಲ. ಅದಕ್ಕೆ ವರ್ಷಕ್ಕೊಮ್ಮೆ ದೊಡ್ಡ ಟ್ರ್ಯಾಕ್ಟರ್ ಬಾಡಿಗೆಗೆ ಕರೆಯಿರಿ.

ಗಾಡಿ ನೋಡಲು ಹೋಗುವ ಮೊದಲು ಇನ್ನೊಂದು ಕೆಲಸ. ನಿಮ್ಮ ಸುತ್ತಮುತ್ತ ಈ ಮಾಡೆಲ್ ಬಿಚ್ಚಿ ಕಟ್ಟಿದ ಮಿಸ್ತ್ರಿ ಯಾರಿದ್ದಾರೆ ಅಂತ ವಿಚಾರಿಸಿ. ಗಾಡಿಗಿಂತ ಮಿಸ್ತ್ರಿ ಮುಖ್ಯ ಅಂತ ನಾನು ಎಷ್ಟೋ ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ. ಮುಂಗಾರಿನಲ್ಲಿ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನೊಜಲ್ ಕೈಕೊಟ್ಟರೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡುವಷ್ಟರಲ್ಲಿ ಹೊಲದ ಹದ ಆರಿಹೋಗಿರುತ್ತದೆ.

ಈಗ ‘ಬ್ಯಾಟರಿ ಹಾಕಿದರೆ ಸಾಕು’ ಅನ್ನುವ ಮಾತು. ಅದನ್ನು ಅಲ್ಲೇ ನಿಲ್ಲಿಸಿ. ನಾಲ್ಕು ವರ್ಷ ನಿಂತ ಇಂಜಿನ್ನಿನಲ್ಲಿ ಪಿಸ್ಟನ್ ಓಡಾಡುವ ಲೈನರಿಗೆ ಆಯಿಲ್ ಇರುವುದಿಲ್ಲ, ಪಿಸ್ಟನ್ನಿನ ರಿಂಗು ಅಂಟಿಕೊಂಡಿರಬಹುದು, ಡೀಸೆಲ್ ಕೆಟ್ಟು ಅಂಟಾಗಿರುತ್ತದೆ. ಆ ಸ್ಥಿತಿಯಲ್ಲಿ ಸೆಲ್ಫ್ ಹೊಡೆದರೆ, ನಿಧಾನವಾಗಿ ಎಬ್ಬಿಸಿದ್ದರೆ ಇನ್ನೂ ಹತ್ತು ವರ್ಷ ದುಡಿಯುವ ಇಂಜಿನ್ನನ್ನು ಒಂದು ನಿಮಿಷದಲ್ಲಿ ನೀವೇ ಹಾಳು ಮಾಡಿದ ಹಾಗೆ. ಮಾರುವವರು ನಿಮ್ಮ ಎದುರೇ ಹೊಡೆದು ತೋರಿಸುತ್ತೇನೆ ಅಂದರೂ ಬೇಡ ಅನ್ನಿ. ನಿಂತ ಗಾಡಿ ಅಂತಲೇ ಬೆಲೆ ಮಾತಾಡಿ, ಇಂಜಿನ್ ಕೆಲಸ ಬರುತ್ತದೆ ಅಂತಲೇ ಲೆಕ್ಕ ಹಾಕಿ.

ನೋಡುವಾಗ ಮೊದಲು ಆಯಿಲ್ ಕಡ್ಡಿ ಎಳೆಯಿರಿ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ಒಳಗೆ ನೀರು ಸೇರಿದೆ. ಆಮೇಲೆ ಇಂಜಿನ್ ತಳದ ಆಯಿಲ್ ಚೇಂಬರಿನ ಕೆಳಗಿನ ಬೋಲ್ಟನ್ನು ಒಂದೆರಡು ಸುತ್ತು ಮಾತ್ರ ಸಡಿಲ ಮಾಡಲು ಕೇಳಿ, ಕೆಳಗೆ ಒಂದು ಬಿಳಿ ತಟ್ಟೆ ಹಿಡಿಯಿರಿ. ನೀರು ಆಯಿಲಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಮೊದಲ ಹನಿಗಳು ಕಪ್ಪಾಗಿ ದಪ್ಪಗೆ ಬಂದರೆ ಸಮಾಧಾನ, ತಿಳಿಯಾಗಿ ಜಾರಿ ಬಂದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಇಲ್ಲ ಸೈಲೆನ್ಸರ್ ಬಾಯಿಂದ ಮಳೆನೀರು ಇಳಿದಿರಬಹುದು. ಎರಡೂ ಖರ್ಚಿನ ಬಾಬತ್ತೇ. ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮೇಲೆ ಆಯಿಲ್ ತೇಲುತ್ತಿದೆಯಾ ನೋಡಿ. ಮುಂದಿನ ಗಾಲಿಯನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿ, ಲೊಟಲೊಟ ಅಂದರೆ ಗಾಲಿ ತಿರುಗುವ ಕಡೆಯ ಕಿಂಗ್ ಪಿನ್ ಬುಷ್ ಸವೆದಿರಬಹುದು. ಟೈರಿನ ಮೇಲಿನ ಗಡ್ಡೆ ನೋಡಿ ಮೋಸ ಹೋಗಬೇಡಿ, ನಿಂತ ಗಾಡಿಯ ಟೈರು ಬಿಸಿಲಿಗೆ ಪಕ್ಕದಲ್ಲಿ ಬಿರುಕು ಬಿಡುತ್ತದೆ. ಬಣ್ಣ ಹೊಸದಾಗಿದ್ದರೆ ಇನ್ನೂ ಎಚ್ಚರ ಇರಲಿ.

ಮನೆಗೆ ತಂದ ಮೇಲೆ ಹೀಗೆ ಮಾಡಿ. ಬ್ಯಾಟರಿ ಕನೆಕ್ಷನ್ ಕೊಡಬೇಡಿ. ಗಾಳಿ ಪೈಪು, ಸೈಲೆನ್ಸರ್ ಬಿಚ್ಚಿ ಇಲಿ ಗೂಡು ಕಟ್ಟಿದೆಯಾ ನೋಡಿ, ವೈರ್ ಕಡಿದಿದೆಯಾ ನೋಡಿ. ನೊಜಲ್ ಬಿಚ್ಚಿಸಿ ಒಂದೊಂದು ಸಿಲಿಂಡರಿಗೆ ಒಂದೆರಡು ಚಮಚ ತೆಳು ಆಯಿಲ್ ಬಿಡಿ. ಎರಡು ದಿನ ಸುಮ್ನೆ ಬಿಡಿ. ಮೂರನೇ ದಿನ ಮುಂದಿನ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ, ನಟ್ ಬಿಗಿಯಾಗುವ ಕಡೆಗೇ, ಮೆಲ್ಲಗೆ ತಿರುಗಿಸಿ. ತಿರುಗಲಿಲ್ಲ ಅಂದರೆ ಜೋರು ಮಾಡಬೇಡಿ, ಪಾನಾಕ್ಕೆ ಪೈಪ್ ಸೇರಿಸಬೇಡಿ. ಮತ್ತೆ ಆಯಿಲ್ ಬಿಡಿ, ಮತ್ತೆ ಕಾಯಿರಿ. ಬೆರಳಷ್ಟು ಅಲ್ಲಾಡಿತು ಅಂದರೆ ಅದೇ ಕಡೆಗೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋಗಿ. ಪೂರ್ತಿ ಒಂದು ಸುತ್ತು ಸಲೀಸಾಗಿ ಬಂದ ದಿನ ಅರ್ಧ ಕೆಲಸ ಮುಗಿಯಿತು.

ಡೀಸೆಲ್ ಟ್ಯಾಂಕ್ ಬಿಚ್ಚಿಸಿ ಹಳೇ ಡೀಸೆಲ್ ಪೂರ್ತಿ ಚೆಲ್ಲಿ, ತೊಳೆದು ಒಣಗಿಸಿ. ಡೀಸೆಲ್ ಫಿಲ್ಟರ್, ಆಯಿಲ್ ಫಿಲ್ಟರ್, ಇಂಜಿನ್ ಆಯಿಲ್ ಎಲ್ಲ ಹೊಸದು. ಏರ್ ಕ್ಲೀನರ್ ಆಯಿಲ್ ಬಟ್ಟಲಿನದಾದರೆ ಕೆಸರು ತೆಗೆದು ಗುರುತಿನ ತನಕ ಮಾತ್ರ ಆಯಿಲ್ ಹಾಕಿ. ಆಮೇಲೆ ಏರ್ ತೆಗೆಯಬೇಕು: ಫಿಲ್ಟರ್ ಮೇಲಿನ ಸಣ್ಣ ಬೋಲ್ಟ್ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಬಿಡಿ, ಬಿಗಿ ಮಾಡಿ. ಅದೇ ರೀತಿ ಪಂಪಿನ ಹತ್ತಿರ. ಕೊನೆಗೆ ನೊಜಲ್ ಪೈಪಿನ ನಟ್. ಅಲ್ಲಿ ಕೈ ಅಡ್ಡ ಹಿಡಿಯಬೇಡಿ, ಅಲ್ಲಿನ ಡೀಸೆಲ್ ಚರ್ಮ ತೂರಿ ಒಳಗೆ ಹೋಗುವಷ್ಟು ಜೋರಾಗಿರುತ್ತದೆ.

ಮೊದಲ ಸಲ ಚಾಲೂ ಮಾಡುವ ಮುಂಚೆ ಇಂಜಿನ್ ಬಂದ್ ಮಾಡುವ ಸ್ಟಾಪ್ ಎಳೆದು ಹಿಡಿದೇ, ಸೆಲ್ಫಿಗೆ ನಡುನಡುವೆ ಬಿಡುವು ಕೊಟ್ಟು ಹೊಡೆಯಿರಿ, ಆಯಿಲ್ ದೀಪ ಆರುವ ತನಕ. ಪಕ್ಕದಲ್ಲಿ ಒಬ್ಬರನ್ನು ಗಾಳಿ ಪೈಪಿನ ಬಾಯಿ ಮುಚ್ಚುವಷ್ಟು ಅಗಲದ ಹಲಗೆ ಕೊಟ್ಟು ನಿಲ್ಲಿಸಿ. ನಿಂತ ಗಾಡಿಯ ಪಂಪಿನೊಳಗೆ ಡೀಸೆಲ್ ಹೆಚ್ಚು ಕಡಿಮೆ ಮಾಡುವ ರ‍್ಯಾಕ್ ಅಂಟಿಕೊಂಡಿದ್ದರೆ ಇಂಜಿನ್ ತಾನೇ ತಾನಾಗಿ ರೇಸ್ ಏರಿಬಿಡುತ್ತದೆ, ಸ್ಟಾಪ್ ಎಳೆದರೂ ಕೇಳುವುದಿಲ್ಲ. ಆಗ ಹಲಗೆ ಒತ್ತಿ ಗಾಳಿ ಕಟ್ ಮಾಡಿದರೇ ನಿಲ್ಲುವುದು. ಕೈ ಇಡಬೇಡಿ, ಬಟ್ಟೆ ತುರುಕಬೇಡಿ.

ಇನ್ನೊಂದು ಮಾತು ಕೈಮುಗಿದು ಹೇಳುತ್ತೇನೆ. ಕೀ ಕೆಲಸ ಮಾಡದಿದ್ದರೆ ನಮ್ಮ ಕಡೆ ಹುಡುಗರು ನೆಲದ ಮೇಲೆ ನಿಂತು ಸೆಲ್ಫ್ ಮೋಟರಿಗೆ ಸ್ಕ್ರೂಡ್ರೈವರ್ ತಾಗಿಸಿ ಚಾಲೂ ಮಾಡುತ್ತಾರೆ. ಗಾಡಿ ಗೇರಿನಲ್ಲಿದ್ದರೆ ದೊಡ್ಡ ಗಾಲಿ ನಿಂತವರ ಮೇಲೆಯೇ ಹೋಗುತ್ತದೆ. ಹೀಗೆ ಸತ್ತವರಿದ್ದಾರೆ. ಮೊದಲು ವೈರಿಂಗ್ ಸರಿ ಮಾಡಿಸಿ, ಸೀಟಿನ ಮೇಲೆ ಕೂತು ಕೀಲಿಯಿಂದಲೇ ಚಾಲೂ ಮಾಡಿ.

ಚಾಲೂ ಆದ ಮೇಲೆ ಹೊಗೆ ನೋಡಿ. ಮೊದಲು ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಚಿಂತೆ ಇಲ್ಲ. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ, ರಿಂಗು ಲೈನರಿನ ಕೆಲಸ ಬಂತು. ಕಪ್ಪು ಹೊಗೆ ಆದರೆ ಏರ್ ಕ್ಲೀನರ್, ನೊಜಲ್ ನೋಡಿಸಿ.

ನನ್ನ ಅನುಭವ ಒಂದು ಹೇಳಿಬಿಡುತ್ತೇನೆ. ಸೇಡಂ ಕಡೆ ನಮ್ಮ ಹೊಲಕ್ಕೆ ಇಂಥದ್ದೇ ಹಳೇ ಗಾಡಿ ತಂದಿದ್ದೆ. ಎಲ್ಲ ಮಾಡಿದ ಮೇಲೆ ಚಾಲೂ ಆಗುತ್ತಿತ್ತು, ಸ್ವಲ್ಪ ಹೊತ್ತು ಚೆನ್ನಾಗಿ ಓಡುತ್ತಿತ್ತು, ಆಮೇಲೆ ಉಸಿರುಗಟ್ಟಿದ ಹಾಗೆ ನಿಲ್ಲುತ್ತಿತ್ತು. ತುಸು ಬಿಟ್ಟರೆ ಮತ್ತೆ ಚಾಲೂ. ಒಂದು ಗ್ಯಾರೇಜಿನಲ್ಲಿ ಪಂಪ್ ಕೆಟ್ಟಿದೆ ಅಂದರು. ಬಿಚ್ಚಿಸಿದೆ, ಕಟ್ಟಿಸಿದೆ, ದುಡ್ಡು ಕೊಟ್ಟೆ. ಮಿರ್ಗ ಮಳೆ ಬಿದ್ದು ಎಲ್ಲರೂ ಬಿತ್ತುತ್ತಿದ್ದರು, ನನ್ನ ಗಾಡಿ ಮಾತ್ರ ಬದುವಿನ ಮೇಲೆ ನಿಂತಿತ್ತು. ಕೊನೆಗೆ ಒಬ್ಬ ವಯಸ್ಸಾದ ಮಿಸ್ತ್ರಿ ಬಂದು, ಗಾಡಿ ನಿಂತ ತಕ್ಷಣ ಪಂಪಿನ ಕಡೆ ನೋಡದೆ ಡೀಸೆಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದರು. ‘ಸುಯ್’ ಅಂತ ಗಾಳಿ ಒಳಗೆ ಎಳೆಯಿತು. ಮುಚ್ಚಳದಲ್ಲಿ ಗಾಳಿಯಾಡಲು ಸೂಜಿಯಷ್ಟು ತೂತು ಇರುತ್ತದೆ, ಅದರೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಡೀಸೆಲ್ ಕೆಳಗಿಳಿಯಲು ಮೇಲಿಂದ ಗಾಳಿ ಬೇಕಲ್ವಾ? ತಂತಿಯಿಂದ ಚುಚ್ಚಿ ಮಣ್ಣು ಉದುರಿಸಿದರು, ಅವತ್ತು ಸಂಜೆವರೆಗೆ ಗಾಡಿ ನಿಲ್ಲಲಿಲ್ಲ. ಆ ಮುಚ್ಚಳವನ್ನು ನೀವು ಮೊದಲ ದಿನವೇ ನೋಡಿ.

ಪ್ರಶ್ನೆ: ಹುಮನಾಬಾದ್ ಹತ್ತಿರದ ನಮ್ಮ ತೋಟದಲ್ಲಿ ಮಿನಿ ಟ್ರ್ಯಾಕ್ಟರ್ ಎರಡು ಮಳೆಗಾಲ ಹೊರಗೇ ನಿಂತಿತ್ತು. ಈಗ ಚಾಲೂ ಆಗುತ್ತದೆ, ಆದರೆ ಕ್ಲಚ್ ಒತ್ತಿದರೂ ಗೇರ್ ಬೀಳುವುದಿಲ್ಲ, ಕರಕರ ಅನ್ನುತ್ತದೆ. ಗೇರ್ ಬಾಕ್ಸ್ ಹೋಯಿತಾ ಅಣ್ಣಾ?

ಉತ್ತರ: ಗೇರ್ ಬಾಕ್ಸ್ ಅಲ್ಲಕ್ಕಾ, ಗಾಬರಿ ಬೇಡ. ಮೊದಲು ಪೆಡಲಿನ ಆಟ, ಲಿಂಕು ಸರಿಯಾಗಿದೆಯಾ ನೋಡಿಸಿ. ಅದು ಸರಿ ಇದ್ದರೆ ಕ್ಲಚ್ ಪ್ಲೇಟು ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿದೆ. ಪೆಡಲನ್ನು ಪೂರ್ತಿ ಒತ್ತಿ ಕಟ್ಟಿಗೆ ಆನಿಸಿ ಒಂದೆರಡು ದಿನ ಬಿಡಿ, ಕೆಲವು ಸಲ ಅಷ್ಟಕ್ಕೇ ಬಿಡುತ್ತದೆ. ಬಿಡದಿದ್ದರೆ ಗಾಡಿ ಬಿಸಿ ಮಾಡಿ ಆಫ್ ಮಾಡಿ, ಸ್ಟಾಪ್ ಎಳೆದಿಟ್ಟು, ಕ್ಲಚ್ ಒತ್ತಿ ಹಿಡಿದು ಟಾಪ್ ಗೇರಿಗೆ ಹಾಕಿ, ಸಮತಟ್ಟಾದ ಹೊಲದಲ್ಲಿ ಇನ್ನೊಂದು ಟ್ರ್ಯಾಕ್ಟರಿನಿಂದ ನಿಧಾನಕ್ಕೆ ಎಳೆಸಿ. ಇಂಜಿನ್ ತಡೆಯುತ್ತದೆ, ಗಾಲಿ ತಿರುಗಲು ನೋಡುತ್ತದೆ, ಆ ಎಳೆದಾಟದಲ್ಲಿ ಪ್ಲೇಟು ಕಿತ್ತುಕೊಳ್ಳುತ್ತದೆ. ಸರಪಳಿಯನ್ನು ಎಳೆಯುವ ಗಾಡಿಯ ಕೆಳಗಿನ ಹುಕ್ಕಿಗೇ ಹಾಕಿಸಿ, ಮೇಲಿನ ಟಾಪ್ ಲಿಂಕಿನ ಜಾಗಕ್ಕೆ ಹಾಕಿದರೆ ಆ ಗಾಡಿಯ ಮುಂಭಾಗ ಮೇಲೇಳುತ್ತದೆ. ಮೂರು ನಾಲ್ಕು ಸಲಕ್ಕೂ ಆಗದಿದ್ದರೆ ಇಂಜಿನ್, ಗೇರ್ ಬಾಕ್ಸ್ ಬೇರೆ ಬೇರೆ ಮಾಡಿ ಗಾಡಿ ಎರಡು ಭಾಗ ಮಾಡಿಸುವುದೇ ದಾರಿ. ಹೇಗೂ ಬಿಚ್ಚಿದ ಮೇಲೆ ಪ್ಲೇಟು, ರಿಲೀಸ್ ಬೇರಿಂಗ್ ಎರಡನ್ನೂ ಬದಲಿಸಿಬಿಡಿ, ಮಜೂರಿ ಒಂದೇ. ಇನ್ಮೇಲೆ ಮಳೆಗಾಲದಲ್ಲಿ ಗಾಡಿ ನಿಲ್ಲಿಸುವಾಗ ಪೆಡಲ್ ಒತ್ತಿ ಕಟ್ಟಿಗೆ ಆನಿಸಿಯೇ ನಿಲ್ಲಿಸಿ.

ಪ್ರಶ್ನೆ: ಯಾದಗಿರಿ ಜಿಲ್ಲೆ ಶಹಾಪುರದವ ನಾನು. ಸೊಲ್ಲಾಪುರದ ಕಡೆ ಎಂಎಚ್ 13 ನಂಬರಿನ ಸಣ್ಣ ಟ್ರ್ಯಾಕ್ಟರ್ ಕಡಿಮೆಗೆ ಸಿಗುತ್ತಿದೆ. ಬಾಂಡ್ ಪೇಪರಿನಲ್ಲಿ ಬರೆಸಿಕೊಂಡರೆ ಸಾಕು ಅಂತ ದಲಾಲಿ ಹೇಳುತ್ತಿದ್ದಾರೆ. ನಿಜವಾ?

ಉತ್ತರ: ಸಾಕಾಗುವುದಿಲ್ಲ. ಬಾಂಡ್ ಪೇಪರ್ ದುಡ್ಡು ಕೊಟ್ಟಿದ್ದಕ್ಕೆ ಸಾಕ್ಷಿ ಅಷ್ಟೇ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಗಾಡಿ ಅವರದು. ನೀವು ಹೊಲದಿಂದ ಬರುವಾಗ ರಸ್ತೆಯಲ್ಲಿ ಏನಾದರೂ ಆದರೆ ಅವರೂ ಸಿಕ್ಕಿಬೀಳುತ್ತಾರೆ, ನಿಮಗೆ ವಿಮೆಯೂ ಸಿಗುವುದು ಕಷ್ಟ. ಬೇರೆ ರಾಜ್ಯದ ಗಾಡಿಗೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಅಭ್ಯಂತರ ಇಲ್ಲ ಅನ್ನುವ ಪತ್ರ ಬೇಕು, ಅದು ಫಾರಂ 28. ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದ್ದರೆ ಸಾಲ ತೀರಿದ ಪತ್ರ, ಫಾರಂ 35 ಇಲ್ಲದೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ. 15 ವರ್ಷ ಮೀರಿದ ಗಾಡಿಯಾದರೆ ನೋಂದಣಿ ಮುಂದುವರಿಸಿದ್ದಾರಾ ಕೇಳಿ. ಅದನ್ನು ಐದೈದು ವರ್ಷಕ್ಕೆ ಮಾಡಿಸುತ್ತಾ ಹೋಗಬೇಕು. ಇಲ್ಲಿ ಎಷ್ಟು ತೆರಿಗೆ ಬೀಳುತ್ತದೆ ಅಂತ ಯಾದಗಿರಿ ಆರ್‌ಟಿಒದಲ್ಲಿ ಮೊದಲೇ ಕೇಳಿಕೊಂಡು, ಅದನ್ನೂ ಬೆಲೆಗೆ ಸೇರಿಸಿ ನೋಡಿ. ಆಗ ಕಡಿಮೆಗೆ ಸಿಗುತ್ತಿದೆಯಾ ಇಲ್ಲವಾ ಗೊತ್ತಾಗುತ್ತದೆ. ಚಾಸಿ ನಂಬರಿನ ಮೇಲೆ ಗ್ರೀಸ್, ಮಣ್ಣು ಕೂತಿರುತ್ತದೆ. ಚಿಂದಿ ಬಟ್ಟೆಗೆ ಡೀಸೆಲ್ ಹಚ್ಚಿ ಒರೆಸಿ, ಒಂದೊಂದೇ ಅಂಕಿ ಬೆರಳಿಟ್ಟು ಆರ್‌ಸಿ ಜೊತೆ ಹೊಂದಿಸಿ. ಒಂದು ಅಂಕಿ ತಿದ್ದಿದ ಹಾಗೆ ಕಂಡರೂ ವಾಪಸ್ ಬನ್ನಿ.

ಪ್ರಶ್ನೆ: ಸರ್, ನಾನು ಕಲಬುರಗಿಯಲ್ಲಿ ಇರುವವಳು, ನಿವೃತ್ತ ಶಿಕ್ಷಕಿ. ತೀರಿಕೊಂಡ ನಮ್ಮ ಅಪ್ಪನ ಎಚ್‌ಎಂಟಿ 2511 ಟ್ರ್ಯಾಕ್ಟರ್ ಚಿತ್ತಾಪುರದ ಹೊಲದ ಮನೆಯಲ್ಲಿ ಇದೆ. ತಮ್ಮಂದಿರು ಗುಜರಿಗೆ ಹಾಕೋಣ ಅಂತಾರೆ. ನನಗೆ ಮನಸ್ಸು ಬರುತ್ತಿಲ್ಲ. ಅದನ್ನು ಇಟ್ಟುಕೊಳ್ಳುವುದರಲ್ಲಿ ಅರ್ಥ ಇದೆಯಾ?

ಉತ್ತರ: ಇದೆ ಮೇಡಂ. ಗುಜರಿಗೆ ಹಾಕಬೇಡಿ. ಎಚ್‌ಎಂಟಿ 1971ರಲ್ಲಿ ಪಿಂಜೋರ್ ಕಾರ್ಖಾನೆಯಲ್ಲಿ, ಜೆಕೊಸ್ಲೊವಾಕಿಯಾದ ಝೆಟಾರ್ ತಂತ್ರಜ್ಞಾನ ತಂದು, 25 ಅಶ್ವಶಕ್ತಿಯ ಗಾಡಿಯಿಂದಲೇ ಟ್ರ್ಯಾಕ್ಟರ್ ಕೆಲಸ ಶುರು ಮಾಡಿದ್ದು. ನಿಮ್ಮ ಮನೆಯಲ್ಲಿ ಇರುವುದು ಆ ಸಾಲಿನದೇ. ಎರಡು ಸಿಲಿಂಡರಿನ ಸರಳ ಇಂಜಿನ್, ಬಿಚ್ಚಿ ಕಟ್ಟಲು ಕೈ ಹೋಗದ ಜಾಗ ಅಂತ ಕಡಿಮೆ. ಆ ಟ್ರ್ಯಾಕ್ಟರ್ ವಿಭಾಗ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನ ಮಾಡಿತು, ಹೊಸ ಗಾಡಿ ಇನ್ನು ಬರುವುದಿಲ್ಲ.

ದಿನಾ ದುಡಿಸುವ ಗಾಡಿ ಅಂತ ಅದನ್ನು ಲೆಕ್ಕ ಹಾಕಬೇಡಿ. ಬಿಡಿಭಾಗಕ್ಕೆ ಹುಡುಕಾಟ ಇದ್ದೇ ಇರುತ್ತದೆ, ಒಂದು ಸೀಲ್ ಸಿಗದೆ ವಾರ ನಿಲ್ಲಬಹುದು. ಆದರೆ ಹೊಲದ ಮನೆಯ ಸುತ್ತ ಸಣ್ಣ ಟ್ರಾಲಿ ಎಳೆಯಲು, ಎಳ್ಳಮಾಸಿಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋದಾಗ ಒಮ್ಮೆ ಚಾಲೂ ಮಾಡಿ ಮೊಮ್ಮಕ್ಕಳಿಗೆ ಅದರ ಸದ್ದು ಕೇಳಿಸಲು ಧಾರಾಳ ಸಾಕು. ಮೇಲಿನ ಮೊದಲ ಉತ್ತರದಲ್ಲಿ ಬರೆದ ಕ್ರಮವೇ ಇದಕ್ಕೂ. ಬೋರಿನ ನೀರು ಹಾಕಿಸಬೇಡಿ. ನಮ್ಮ ಕಡೆಯ ಗಡಸು ನೀರಿನಿಂದ ರೇಡಿಯೇಟರ್ ಒಳಗೆ ಸುಣ್ಣ ಕಟ್ಟುತ್ತದೆ, 42 ಡಿಗ್ರಿ ಬಿಸಿಲಲ್ಲಿ ಗಾಡಿ ಕುದಿಯುತ್ತದೆ. ಕೂಲಂಟ್ ಹಾಕಿಸಿ. ರೇಡಿಯೇಟರ್ ಜಾಳಿಗೆಯಲ್ಲಿ ತೊಗರಿ ರಾಶಿಯ ಹೊಟ್ಟು ಸಿಕ್ಕಿಕೊಂಡಿರುತ್ತದೆ, ಫ್ಯಾನ್ ಕಡೆಯಿಂದ ಮುಂದಕ್ಕೆ ಗಾಳಿ ಹೊಡೆಸಿದರೆ ಉದುರುತ್ತದೆ.

ಹಾಗೇ ಅಪ್ಪನ ಹೆಸರಿನ ಆರ್‌ಸಿ ಹುಡುಕಿ ತೆಗೆದಿಡಿ. ಮಾಲೀಕರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ಮಾಡಿಸಲು ಫಾರಂ 31 ಅಂತ ಬೇರೆಯೇ ಇದೆ, ಮರಣ ಪತ್ರ ಜೊತೆಗಿರಬೇಕು. ತಮ್ಮಂದಿರ ಒಪ್ಪಿಗೆ ಬರೆಸಿಕೊಂಡು ಅದನ್ನು ನಿಮ್ಮ ಹೆಸರಿಗೆ ಮಾಡಿಸಿ, ಮಿಸ್ತ್ರಿಯನ್ನು ಆಮೇಲೆ ಕರೆಯಿರಿ.