ಮೇಷ್ಟ್ರೇ, ಆ ಪೊದೆ ಸವರಬೇಡಿ

ಪಾಂಡವಪುರ ತಾಲೂಕಿನ ಒಬ್ಬ ನಿವೃತ್ತ ಮೇಷ್ಟ್ರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಅದರಲ್ಲಿರುವುದು ಇಷ್ಟು. ಅವರ ಊರಿನ ಹಿಂದಿನ ಗುಡ್ಡ ಬೋಳಾಗಿದೆ. ಎರಡು ವರ್ಷದ ಹಿಂದೆ ಊರಿನ ಹುಡುಗರನ್ನು ಕಟ್ಟಿಕೊಂಡು ಗುಡ್ಡದ ಪೊದೆಯನ್ನೆಲ್ಲ ಸವರಿದರು. 600 ಗುಂಡಿ ತೆಗೆದು ಹೊಂಗೆ, ನೇರಳೆ, ಮಹಾಗನಿ ಸಸಿ ನೆಟ್ಟರು. ಈಗ ಉಳಿದಿರುವುದು 40. "ನಮ್ಮ ತಪ್ಪೇನು? ಈ ಸಾರಿ ಜೆಸಿಬಿ ತರಿಸಿ ಬೊಡ್ಡೆ ಸಮೇತ ಕಿತ್ತು, ಪೂರ್ತಿ ಕ್ಲೀನ್ ಮಾಡಿ, ಒತ್ತೊತ್ತಾಗಿ 2,000 ಸಸಿ ನೆಡಬೇಕು ಅಂತಿದ್ದೇವೆ. ನಿಮ್ಮ ಪತ್ರಿಕೆಯಲ್ಲಿ ದಾನಿಗಳಿಗೆ ಒಂದು ಕರೆ ಕೊಡಿ" ಎಂದು ಕೇಳಿದ್ದಾರೆ. ಕೊನೆಯಲ್ಲಿ ಬೇಸರದಿಂದ ಒಂದು ಮಾತು ಸೇರಿಸಿದ್ದಾರೆ: "ಪ್ರತಿ ವರ್ಷ ಶಿವರಾತ್ರಿ ಆದಮೇಲೆ ಗುಡ್ಡಕ್ಕೆ ಬೆಂಕಿ ಬೀಳುತ್ತೆ. ನಾವು ನೆಟ್ಟದ್ದು ಸತ್ತಿತು. ಕಡಿದ ಪೊದೆ ಮಾತ್ರ ಮಳೆ ಬಿದ್ದ ಹದಿನೈದು ದಿನಕ್ಕೆ ಮತ್ತೆ ಚಿಗುರಿತು. ಏನು ಮಾಡಿದರೂ ಸಾಯಲ್ಲ."

ಮೇಷ್ಟ್ರೇ, ನಿಮ್ಮ ಕಾಗದ ಮೂರು ಸಾರಿ ಓದಿದೆ. ಈ ವಯಸ್ಸಿನಲ್ಲಿ ಗುಡ್ಡ ಹತ್ತಿ ಗುಂಡಿ ತೆಗೆಸಿದ್ದೀರಿ. ಕೊಡದಲ್ಲಿ ನೀರು ಹೊತ್ತ ಹುಡುಗರ ಹೆಸರನ್ನೆಲ್ಲ ಬರೆದಿದ್ದೀರಿ. ನಿಮ್ಮಂಥವರು ಊರಿಗೊಬ್ಬರಿದ್ದರೆ ಸಾಕು ಅನಿಸಿತು. ಆದರೂ ನಿಮ್ಮ ಮೇಲೆ ಸ್ವಲ್ಪ ಸಿಟ್ಟೂ ಬಂತು. ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಕೊನೆಯ ಮಾತಿನಲ್ಲೇ ಇದೆ. ಏನು ಮಾಡಿದರೂ ಸಾಯದ ಒಂದು ಜೀವ ನಿಮ್ಮ ಗುಡ್ಡದ ಮೇಲಿದೆ. ಅದನ್ನು ಕಿತ್ತು ಹಾಕಿ, ಸಾಯುವುದನ್ನು ನೆಡುತ್ತೇನೆ ಅನ್ನುತ್ತೀರಲ್ಲ?

ನೀವು ಕಬ್ಬು ಬೆಳೆಯುವವರು. ಹಾಗಾಗಿ ಕೂಳೆ ಅಂದರೇನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಕಬ್ಬು ಕಡಿದಾಯಿತು, ತರಗಿಗೆ ಬೆಂಕಿಯೂ ಬಿತ್ತು, ಗದ್ದೆ ಕರ್ರಗಾಯಿತು. ಆಗ ಹೊಸಬನೊಬ್ಬ ಬಂದು ನೋಡಿದರೆ ಇಲ್ಲಿ ಏನೂ ಇಲ್ಲ ಅಂತಾನೆ. ನೀವು ನಗುತ್ತೀರಿ. ನೀರು ಕಟ್ಟಿದರೆ ಬುಡದಿಂದ ಮೊಳಕೆ ಬರುತ್ತೆ ಅಂತ ನಿಮಗೆ ಗೊತ್ತು. ಹಳೆ ಬೇರು ಇರುವುದರಿಂದ ಬೇಗ ಏಳುತ್ತೆ ಅಂತಲೂ ಗೊತ್ತು. ನಮ್ಮ ಒಣ ಕಾಡಿನ ಮರಿಗಿಡ ಬದುಕುವುದು ಹೀಗೆಯೇ. ಅದೂ ಕೂಳೆ ಬೆಳೆ.

ಮಳೆ ಬೀಳುವ ಸೀಮೆಯ ಕಾಡಿನಲ್ಲಿ ಸಸಿಗೆ ಬೆಳಕಿನ ಚಿಂತೆ. ನಮ್ಮ ಕಡೆ ಬೆಳಕು ಬೇಕಾದಷ್ಟಿದೆ. ಇಲ್ಲಿನ ಸಸಿಗೆ ಮೊದಲ ಬೇಸಿಗೆಯೇ ಯಮ. ಮಳೆಗೆ ಹುಟ್ಟಿದ ಸಾವಿರಾರು ಮೊಳಕೆಯಲ್ಲಿ ಬಹುಪಾಲು ಮುಂದಿನ ಮಾರ್ಚಿ-ಏಪ್ರಿಲ್ ಕಾಣುವುದಿಲ್ಲ. ಕಾಣುವುದು ಯಾವುದು? ಎಲೆಗಿಂತ ಮೊದಲು ಬೇರು ಇಳಿಸಿದ್ದು. ಮೇಲೆ ಒಂದು ಗೇಣು ಇರುತ್ತೆ, ಕೆಳಗೆ ಅದರ ಎರಡು ಮೂರು ಪಟ್ಟು ಹೋಗಿರುತ್ತೆ. ಬೇಸಿಗೆಯಲ್ಲಿ ಮೇಲಿನದು ಒಣಗುತ್ತೆ, ಇಲ್ಲ ಸುಡುತ್ತೆ, ಇಲ್ಲ ಮೇಕೆ ಮೇಯುತ್ತೆ. ಬೇರು ಮಾತ್ರ ಗೆಡ್ಡೆ ಥರ ದಪ್ಪವಾಗುತ್ತಾ ಹೋಗುತ್ತೆ. ಮಧ್ಯ ಭಾರತದ ಸಾಲ್ ಮರದ ಕಾಡುಗಳಲ್ಲಿ ಇದನ್ನು ನೂರು ವರ್ಷದ ಹಿಂದೆಯೇ ಅರಣ್ಯಾಧಿಕಾರಿಗಳು ಬರೆದಿಟ್ಟಿದ್ದಾರೆ. ಸಾಲ್ ಸಸಿ ವರ್ಷ ವರ್ಷ ನೆಲಮಟ್ಟಕ್ಕೆ ಸತ್ತು, ವರ್ಷ ವರ್ಷ ಚಿಗುರಿ, ಬೇರಿಗೆ ಶಕ್ತಿ ಬಂದಮೇಲೆ ಒಂದು ಸಲ ಮೇಲೇಳುತ್ತೆ. ಹಾಗಾಗಿ ನಿಮ್ಮ ಗುಡ್ಡದಲ್ಲಿ ಮೊಣಕಾಲುದ್ದ ಇರುವ ದಿಂಡಿಗದ ಗಿಡವನ್ನು ಮರಿ ಅಂತ ತಿಳಿಯಬೇಡಿ. ಅದರ ವಯಸ್ಸು ನೀವು ಪಾಠ ಹೇಳಿದ ಹುಡುಗರಿಗಿಂತ ಜಾಸ್ತಿ ಇರಬಹುದು.

ಇನ್ನು ನರ್ಸರಿ ಸಸಿ. ಪ್ಲಾಸ್ಟಿಕ್ ಚೀಲದಲ್ಲಿ ಬೇರು ಸುತ್ತಿಕೊಂಡಿರುತ್ತೆ. ದಿನಾ ನೀರು ಕುಡಿದು ಮೇಲೆ ಎರಡಡಿ ಬೆಳೆದಿರುತ್ತೆ. ಅದನ್ನು ತಂದು ಕಲ್ಲುಗುಡ್ಡದಲ್ಲಿ, ನೆರಳಿಲ್ಲದ ಕಡೆ ಇಟ್ಟರೆ ಹೇಗೆ ಬದುಕೀತು? ಅದೂ ಜೂನ್‌ನಲ್ಲಿ. ಮಂಡ್ಯ ಸೀಮೆಗೆ ಒಳ್ಳೆ ಮಳೆ ಬರುವುದು ಮೇ ತಿಂಗಳಲ್ಲಿ, ಆಮೇಲೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ನಡುವೆ ಬರುವುದು ಬರೀ ಗಾಳಿ, ಹನಿ. ಇದು ನಿಮ್ಮ ತಪ್ಪಲ್ಲ. ಎಲ್ಲರೂ ಜೂನ್ 5ಕ್ಕೆ ನೆಡುತ್ತಾರೆ, ನೀವೂ ನೆಟ್ಟಿರಿ.

ನಮ್ಮ ಪಕ್ಕದ ಮುದುಮಲೆಯಲ್ಲಿ 1988ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು, ಆನೆ ತಜ್ಞ ಆರ್. ಸುಕುಮಾರ್ ಅವರ ಮುಂದಾಳತ್ವದಲ್ಲಿ, 50 ಹೆಕ್ಟೇರ್ ಕಾಡನ್ನು ಗುರುತು ಹಾಕಿದರು. ಒಂದು ಸೆಂಟಿಮೀಟರ್ ದಪ್ಪದ ಕಡ್ಡಿಯಿಂದ ಹಿಡಿದು ಪ್ರತಿ ಮರಕ್ಕೂ ನಂಬರು ಕೊಟ್ಟರು. ಅಂದಿನಿಂದ ವರ್ಷ ವರ್ಷ ಹೋಗಿ ಯಾವುದು ಸತ್ತಿತು, ಯಾವುದು ಹೊಸದಾಗಿ ಬಂತು ಅಂತ ಬರೆದುಕೊಳ್ಳುತ್ತಾರೆ. ಸುಮ್ನೆ ಯೋಚನೆ ಮಾಡಿ, ಎಂಥಾ ತಾಳ್ಮೆ! ಮೊದಲ ಕೆಲವು ವರ್ಷ ಆನೆಗಳು ಬೆಂಡೆ ಅನ್ನುವ ಕಾಡುಮರಗಳನ್ನು ಮುರಿದು ಸಿಗಿದು ಬಹಳವಾಗಿ ಕಡಿಮೆ ಮಾಡಿಬಿಟ್ಟವು. ಬೆಂಕಿ ಬಿದ್ದ ವರ್ಷ ಸಣ್ಣ ಗಿಡಗಳು ನೆಲ ಕಚ್ಚಿದವು. ದೊಡ್ಡ ಮತ್ತಿ, ನಂದಿ, ದಿಂಡಿಗದ ಮರಗಳಿಗೆ ಹೆಚ್ಚೇನೂ ಆಗಲಿಲ್ಲ. ಈ ಕಾಡಿನ ಭವಿಷ್ಯ ನಿಂತಿರುವುದು ಆ ಸಣ್ಣವು ಬೆಂಕಿಯ ನಾಲಿಗೆಗೆ ಸಿಗದಷ್ಟು ಎತ್ತರ ಹೋಗುತ್ತವೋ ಇಲ್ಲವೋ ಅನ್ನುವುದರ ಮೇಲೆ. ಅದಕ್ಕೆ ಬೆಂಕಿಯಿಲ್ಲದ ನಾಲ್ಕಾರು ವರ್ಷ ಒಟ್ಟಿಗೆ ಸಿಗಬೇಕು. ನಿಮ್ಮ ಗುಡ್ಡಕ್ಕೆ ಒಂದು ವರ್ಷವೂ ಸಿಗುತ್ತಿಲ್ಲ.

ಪೊದೆಯ ವಿಷಯಕ್ಕೆ ಬರೋಣ. ಕಾರೆ, ಕವಳೆ, ಎಲಚಿ, ತಂಗಡಿ, ಬಂದರೆ. ನೀವು ಇವನ್ನು 'ಕಳೆ' ಅಂತ ಬರೆದಿದ್ದೀರಿ. ಮೇಷ್ಟ್ರೇ, ಇವು ಆ ಗುಡ್ಡದ ಬಾಣಂತಿ ಕೋಣೆ! ಹಕ್ಕಿ ಬಂದು ಕೂರುವುದು ಪೊದೆಯ ಮೇಲೆ. ಹಿಕ್ಕೆ ಹಾಕುವುದು ಪೊದೆಯ ಕೆಳಗೆ. ಬೇವಿನ ಬೀಜ ಬೀಳುವುದೂ ಅಲ್ಲೇ. ಅದರ ಆಯುಸ್ಸು ಕೆಲವೇ ವಾರ, ಅಷ್ಟರಲ್ಲಿ ನೆರಳು, ತೇವ ಸಿಗಬೇಕು. ಮುಳ್ಳಿನ ನಡುವೆ ಮೇಕೆ ಬಾಯಿ ಹಾಕಲ್ಲ. ಉದುರಿದ ಎಲೆ ಮಣ್ಣನ್ನು ತಂಪಾಗಿ ಇಡುತ್ತೆ. ನಾಲ್ಕು ವರ್ಷ ಕಳೆದಮೇಲೆ ಕಾರೆ ಪೊದೆಯ ನೆತ್ತಿ ಸೀಳಿಕೊಂಡು ಬೇವು ತಲೆ ಎತ್ತುತ್ತೆ.

ನಮ್ಮ ಮೈಸೂರು ಸೀಮೆಯ ಹೆಮ್ಮೆ ಗಂಧದ ಮರವನ್ನೇ ತಗೊಳ್ಳಿ. ಒಂಟಿಯಾಗಿ ಅದಕ್ಕೆ ಬದುಕಲು ಬರಲ್ಲ. ಅದರ ಬೇರು ಪಕ್ಕದ ಗಿಡದ ಬೇರಿಗೆ ಅಂಟಿಕೊಂಡು ನೀರು, ಸಾರ ಹೀರಬೇಕು. ನರ್ಸರಿಯಲ್ಲಿ ಗಂಧದ ಸಸಿಯ ಚೀಲದಲ್ಲಿ ಒಂದು ತೊಗರಿ ಗಿಡ ಇರುವುದು ಇದಕ್ಕೇ. ಗುಡ್ಡದಲ್ಲಿ ಆ ಕೆಲಸವನ್ನು ನಿಮ್ಮ ಪೊದೆ ಮಾಡುತ್ತೆ. ಕಪ್ಪು ಹಣ್ಣು ತಿಂದ ಕೋಗಿಲೆ, ಪಿಕಳಾರ ಬೀಜವನ್ನು ಪೊದೆಯೊಳಗೇ ಬಿಡುತ್ತವೆ. ನಿಮ್ಮ 600 ಗುಂಡಿಗೆ ಮೊದಲು ಸವರಿದ ಪೊದೆಯಲ್ಲಿ ಎಷ್ಟು ಗಂಧದ ಮರಿ ಹೋದವೋ ನೆನೆದರೆ ಸಂಕಟವಾಗುತ್ತೆ.

ಎಲ್ಲ ಬೀಜವೂ ಒಂದೇ ದಾರಿಯಲ್ಲಿ ಬರಲ್ಲ. ಕಕ್ಕೆಯ ಬೀಜಕ್ಕೆ ಗಟ್ಟಿ ಸಿಪ್ಪೆ, ಬೇಗ ಮೊಳೆಯಲ್ಲ. ಜಾಲಿ ಬೀಜ ಮೇಕೆಯ ಹೊಟ್ಟೆ ಹೊಕ್ಕು ಬರುತ್ತೆ. ನೆಲ್ಲಿಕಾಯಿಯನ್ನು ಜಿಂಕೆ ತಿಂದು, ಮೆಲುಕು ಹಾಕುವಾಗ ಗೊರಟೆಯನ್ನು ಇನ್ನೆಲ್ಲೋ ಉಗುಳುತ್ತೆ. ದಿಂಡಿಗದ ಬೀಜದಲ್ಲಿ ಬಹುಪಾಲು ಜೊಳ್ಳು. ಆದ್ದರಿಂದಲೇ ಈಗಾಗಲೇ ಬೇರುಬಿಟ್ಟ ಒಂದು ದಿಂಡಿಗ ಅಷ್ಟು ಬೆಲೆಬಾಳುತ್ತೆ.

ನಾಗಮಂಗಲದ ಕಡೆ ನಮ್ಮ ಅಣ್ಣನ ಪಾಲಿಗೆ ಬಂದ ಎರಡು ಎಕರೆ ಬೆದ್ದಲು ಇದೆ. ಆಳು ಸಿಗದೆ ಹನ್ನೆರಡು ವರ್ಷ ಬೀಳುಬಿಟ್ಟ. ಮೊದಲ ಎರಡು ವರ್ಷ ಹುಲ್ಲು, ತಂಗಡಿ. ಊರವರು ಆಡಿಕೊಂಡರು. ಮೂರನೇ ವರ್ಷ ಎಲಚಿ ಬಂತು. ಐದನೇ ವರ್ಷ ನಾನು ಹೋದಾಗ ಎಲಚಿಯ ಬುಡದಲ್ಲೇ ಹನ್ನೊಂದು ಬೇವಿನ ಸಸಿ ಎಣಿಸಿದೆ. ಯಾರೂ ನೆಟ್ಟದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಅಣ್ಣ ಮಾಡಿದ್ದು ಎರಡೇ ಕೆಲಸ. ಬದುವಿನ ಸುತ್ತ ಪ್ರತಿ ಜನವರಿ ಹುಲ್ಲು ಕೆತ್ತಿಸಿ ಬೆಂಕಿ ಒಳಗೆ ಬಾರದ ಹಾಗೆ ನೋಡಿಕೊಂಡ. ಮೇಕೆಯವರನ್ನು ಕಾಡಿ ಬೇಡಿ ದೂರ ಇಟ್ಟ. ಈಗ ಅಲ್ಲಿ ಬೇವು, ಚುಜ್ಜಲು, ಹೊಂಗೆ ನನ್ನ ತಲೆ ಮೀರಿ ನಿಂತಿವೆ. ನಮ್ಮಜ್ಜಿ ಇದ್ದಿದ್ದರೆ ಖುಷಿ ಪಡುತ್ತಿದ್ದಳು. ಹಿತ್ತಲಿನಲ್ಲಿ ತಾನಾಗಿ ಹುಟ್ಟಿದ ಬೇವನ್ನು ಕೀಳಲು ಅವಳು ಬಿಡುತ್ತಿರಲಿಲ್ಲ. "ಅದಾಗೇ ಬಂದದೆ, ಇರ್ಲಿ ಬುಡು" ಅನ್ನುತ್ತಿದ್ದಳು.

ಇದು ನಮ್ಮೊಬ್ಬರ ಅನುಭವವಲ್ಲ. ಮಧ್ಯ ಅಮೆರಿಕದ ಕೋಸ್ಟರಿಕಾದಲ್ಲಿ ಗ್ವಾನಕಾಸ್ತೆ ಅಂತ ಒಂದು ಸೀಮೆ. ನಮ್ಮಂತೆಯೇ ಒಣ ಕಾಡು. ದನದ ಹುಲ್ಲುಗಾವಲಿಗೆಂದು ಆಫ್ರಿಕಾದ ಹುಲ್ಲು ತಂದು ಬಿತ್ತಿದ್ದರು. ಅದಕ್ಕೆ ಬೆಂಕಿ ಬಿದ್ದು ಬಿದ್ದು ಕಾಡು ಹೋಗಿತ್ತು. 1980ರ ದಶಕದಲ್ಲಿ ಡೇನಿಯಲ್ ಜಾನ್ಜೆನ್, ವಿನಿ ಹಾಲ್ವಾಕ್ಸ್ ದಂಪತಿ ಊರವರನ್ನು ಸೇರಿಸಿಕೊಂಡು ಮುಖ್ಯವಾಗಿ ಬೆಂಕಿ ನಿಲ್ಲಿಸಿದರು. ಗಾಳಿ, ಹಕ್ಕಿ, ಪ್ರಾಣಿ ಬೀಜ ತಂದವು, ಕಾಡು ವಾಪಸ್ ಬಂತು. ತಾಯಿಮರದ ಬುಡದಲ್ಲಿ ಬಿದ್ದ ಬೀಜವನ್ನು ಅದೇ ಮರದ ಹುಳುಗಳು ಮುಗಿಸುತ್ತವೆ, ದೂರ ಹೋದದ್ದು ಬದುಕುತ್ತೆ ಅಂತ 1970ರಲ್ಲಿ ಬರೆದವರೂ ಇದೇ ಜಾನ್ಜೆನ್. ಒಂದೇ ಜಾತಿಯನ್ನು ಒತ್ತೊತ್ತಾಗಿ ನೆಡುವವರು ಇದನ್ನು ಯೋಚಿಸಬೇಕು.

ಆಫ್ರಿಕಾದ ನೈಜರ್ ಕಥೆ ಇನ್ನೂ ಹತ್ತಿರದ್ದು. ಟೋನಿ ರಿನಾಡೊ ಅನ್ನುವ ಆಸ್ಟ್ರೇಲಿಯಾದವರು ಅಲ್ಲಿ ಸಸಿ ನೆಟ್ಟು ನೆಟ್ಟು ಸೋತಿದ್ದರು. 1983ರ ಸುಮಾರಿಗೆ ಒಂದು ದಿನ ದಾರಿ ಬದಿಯ ಪೊದೆಯನ್ನು ಬಗ್ಗಿ ನೋಡಿದರು. ಅದು ಪೊದೆಯಲ್ಲ, ಕಡಿದ ಮರದ ಬೊಡ್ಡೆಯ ಚಿಗುರು! ಹೊಲದ ತುಂಬ ಅಂಥವೇ ಇದ್ದವು. ಒಂದೆರಡು ಗಟ್ಟಿ ಚಿಗುರು ಉಳಿಸಿ ಮಿಕ್ಕದ್ದು ಸವರಿ ಅಂತ ರೈತರಿಗೆ ಹೇಳಿದರು. ಇಪ್ಪತ್ತು ವರ್ಷದಲ್ಲಿ ಸುಮಾರು 50 ಲಕ್ಷ ಹೆಕ್ಟೇರ್ ಹೊಲದಲ್ಲಿ ಮರ ಎದ್ದವು. ನೀವೂ ಒಂದು ಸಲ ಬಗ್ಗಿ ನೋಡಿ ಮೇಷ್ಟ್ರೇ.

ಹಾಗಾದರೆ ನೆಡುವುದೇ ಬೇಡವಾ? ಬೇಕು. ಕಲ್ಲು ಕ್ವಾರಿಯಲ್ಲಿ, ನೀಲಗಿರಿ ಹಾಕಿ ಹಾಕಿ ಹಳೆ ಬೇರೆಲ್ಲ ಹೋದ ನೆಲದಲ್ಲಿ, ರಸ್ತೆ ಬದಿಯಲ್ಲಿ ನೆಡಲೇಬೇಕು. ಸಾಲುಮರದ ತಿಮ್ಮಕ್ಕ ಹುಲಿಕಲ್-ಕುದೂರು ರಸ್ತೆಯಲ್ಲಿ ಆಲದ ಮರ ಬೆಳೆಸಿದರು. ಆದರೆ ಅವರು ನೆಟ್ಟು ಬಂದವರಲ್ಲ, ವರ್ಷಗಟ್ಟಲೆ ನೀರು ಹೊತ್ತವರು. ಲಂಟಾನದ ಮಾತೂ ಇದೆ. ಹೊರಗಿನಿಂದ ಬಂದ ಅದು ಬಂಡೀಪುರದಲ್ಲಿ ಸಸಿಗಳನ್ನು ಮುಚ್ಚಿಹಾಕಿದೆ. ಅದನ್ನು ಬುಡ ಸಮೇತ ಕೀಳಿ, ಸ್ವಲ್ಪ ಸ್ವಲ್ಪವಾಗಿ, ಕೆಳಗೆ ಏನಿದೆ ನೋಡಿಕೊಂಡು. ಬೆಂಕಿಯ ವಿಷಯದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಾತನ್ನೂ ನಾನು ಗೌರವದಿಂದ ಕೇಳಿದ್ದೇನೆ. ಅವರು ಹಿಂದೆ ಬೇಸಿಗೆ ಶುರುವಿನಲ್ಲಿ 'ತರಗು ಬೆಂಕಿ' ಹಾಕುತ್ತಿದ್ದರು. ಅದು ನಿಂತಮೇಲೆ ಲಂಟಾನ ಹೆಚ್ಚಾಯಿತು ಅನ್ನುತ್ತಾರೆ. ಇರಬಹುದು. ಆದರೆ ಅದು ಕಾಡು ತಿಳಿದವರು, ಹೊತ್ತು ನೋಡಿ, ತೆಳ್ಳಗೆ ಓಡಿಸುತ್ತಿದ್ದ ಬೆಂಕಿ. ಶಿವರಾತ್ರಿ ಕಳೆದಮೇಲೆ ಹೊಸ ಹುಲ್ಲು ಬರಲಿ ಅಂತ ಕಡ್ಡಿ ಗೀರಿ ಹೋಗುವುದು ಬೇರೆ.

ನನ್ನ ನಿಜವಾದ ಸಂಕಟ ಲೆಕ್ಕದ್ದು. 1950ರಲ್ಲಿ ಆಗಿನ ಕೇಂದ್ರ ಕೃಷಿ ಮಂತ್ರಿ ಕೆ.ಎಂ. ಮುನ್ಷಿ ವನಮಹೋತ್ಸವ ಶುರುಮಾಡಿದರು, ಒಳ್ಳೆಯ ಮನಸ್ಸಿನಿಂದ. ಅಂದಿನಿಂದ ನಾವು ನೆಟ್ಟದ್ದನ್ನೇ ಎಣಿಸುತ್ತಿದ್ದೇವೆ. ತಾನಾಗಿ ಬಂದದ್ದಕ್ಕೆ ಫಾರಂನಲ್ಲಿ ಕಾಲಂ ಇಲ್ಲ. ಅದಕ್ಕೆ ಫೋಟೊ ಇಲ್ಲ, ಬ್ಯಾನರ್ ಇಲ್ಲ. ಲೆಕ್ಕಕ್ಕಿಲ್ಲದ್ದನ್ನು ಕಡಿದರೆ ಕೇಳುವವರೂ ಇಲ್ಲ. ನಾನಿರುವ ಬಡಾವಣೆಯ ಪಾರ್ಕಿನಲ್ಲಿ ಬೇಲಿ ಪಕ್ಕ ಏಳು ಹೊಂಗೆ, ಒಂದು ಗೋಣಿ ಮರದ ಮರಿ ತಾವಾಗಿ ಬಂದಿದ್ದವು. ಸ್ವಚ್ಛತೆಯ ಹೆಸರಲ್ಲಿ ಒಂದು ಬೆಳಿಗ್ಗೆ ಎಲ್ಲ ಸವರಿದರು. ಮುಂದಿನ ವಾರ ಅದೇ ಜಾಗದಲ್ಲಿ ಗುಂಡಿ ತೆಗೆದು ಅತಿಥಿಗಳಿಂದ ಹೊಂಗೆ ಸಸಿ ನೆಡಿಸಿದರು. ನಾನು ಅಲ್ಲೇ ನಿಂತಿದ್ದೆ. ಬಾಯಿಂದ ಮಾತು ಬರಲಿಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಜೊತೆಗಿದ್ದ ಹುಡುಗರನ್ನು ಕೇಳಿ ನೋಡಿದ್ದೇನೆ. ದೊಡ್ಡ ಬೇವು ಗುರುತಿಸುತ್ತಾರೆ. ಎರಡೆಲೆಯ ಬೇವು ತೋರಿಸಿದರೆ 'ಕಳೆ' ಅನ್ನುತ್ತಾರೆ. ಮೇಷ್ಟ್ರೇ, ಇದನ್ನು ಕಲಿಸಬೇಕಾದವರು ನಿಮ್ಮಂಥವರೇ ಅಲ್ವಾ? ನಿಮ್ಮ ಪಕ್ಕದ ಮೇಲುಕೋಟೆಯ ಕುರುಚಲು ಕಾಡನ್ನು 1974ರಲ್ಲಿ ತೋಳಕ್ಕೋಸ್ಕರ ಅಭಯಾರಣ್ಯ ಮಾಡಿದರು. ತೋಳಕ್ಕೆ ಬೇಕಾದದ್ದು ಅಂಥ ಪೊದೆಯ ಬಯಲೇ. ಅದನ್ನೂ ನಾವು 'ಬೋಳು' ಅನ್ನುತ್ತೇವೆ.

ದಾನಿಗಳಿಗೆ ಕರೆಯನ್ನು ಈ ಸಂಚಿಕೆಯಲ್ಲಿ ಹಾಕುತ್ತಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಜೆಸಿಬಿಯ ಮುಂಗಡ ಕೊಟ್ಟಿದ್ದರೆ ವಾಪಸ್ ಕೇಳಿ. ಉಳಿದ 40 ಸಸಿಗೆ ಈ ಬೇಸಿಗೆಯೂ ನೀರು ಹಾಕಿ. ಜನವರಿಯಲ್ಲಿ ಗುಡ್ಡದ ಬುಡದಲ್ಲಿ ಎರಡು ಮಾರು ಅಗಲ ಹುಲ್ಲು ಕೆತ್ತಿಸಿ. ಕುರಿ ಮೇಕೆಯವರನ್ನು ಕೂರಿಸಿಕೊಂಡು ಮಾತಾಡಿ. ಒಂದು ಮಗ್ಗುಲು ಅವರಿಗೆ ಬಿಟ್ಟು ಇನ್ನೊಂದು ಮಗ್ಗುಲನ್ನು ಐದು ವರ್ಷ ಕೇಳಿಕೊಳ್ಳಿ. ಭರಣಿ ಮಳೆ ಬಿದ್ದ ಮೂರನೇ ವಾರ ಶಾಲೆ ಮಕ್ಕಳ ಜೊತೆ ಗುಡ್ಡ ಹತ್ತಿ. ಪೊದೆ ಪೊದೆ ಬಗ್ಗಿ ನೋಡಿ, ಮರವಾಗುವ ಪ್ರತಿ ಚಿಗುರಿಗೂ ಒಂದು ಕೆಂಪು ಬಟ್ಟೆ ಚೂರು ಕಟ್ಟಿಸಿ. ಎಷ್ಟು ಚೂರು ಬೇಕಾಯಿತು ಅಂತ ನನಗೆ ಬರೆಯಿರಿ. ಆ ಲೆಕ್ಕವನ್ನು ಮೊದಲ ಪುಟದಲ್ಲೇ ಹಾಕುತ್ತೇನೆ. ದಿನ ಗೊತ್ತು ಮಾಡಿ ತಿಳಿಸಿದರೆ ನಾನೂ ಬರುತ್ತೇನೆ. ಮೈಸೂರಿನಿಂದ ರೈಲು ಹತ್ತಿ ಪಾಂಡವಪುರದಲ್ಲಿ ಇಳಿಯುತ್ತೇನೆ, ಬಟ್ಟೆ ಚೂರು ನಾನೇ ತರುತ್ತೇನೆ.