ಸುಡಾನ್‌ಗೆ ನಮ್ಮ ಜೋಳ ಕಳಿಸಾಕ ಬರ್ತೈತೇನ್ರಿ?

ಪ್ರಶ್ನೆ: ಸುಡಾನ್‌ದಾಗ ಮಂದಿ ಉಪವಾಸ ಸಾಯಾಕತ್ತಾರ ಅಂತ ಟಿವಿಯಾಗ ನೋಡಿ, ನಾವು ಕಾಲೇಜ್ ಗೆಳೆಯರು ಸಿದ್ಧೇಶ್ವರ ಜಾತ್ರ್ಯಾಗ ಡಬ್ಬಿ ಹಿಡದು ರೊಕ್ಕ ಕೂಡಸ್ಬೇಕಂತ ಮಾಡೇವ್ರಿ. ಕೆಲವರು ಜೋಳಾ ಕೊಡ್ತೀವಿ ಅಂತಾರ, ಕಳಿಸಬಹುದೇನ್ರಿ?
– ಒಬ್ಬ ಓದುಗ, ವಿಜಯಪುರ

ಉತ್ತರ: ಜೋಳಾ ಬ್ಯಾಡೋ ತಮ್ಮಾ. ಅಲ್ಲಿ ಮಂದಿನೂ ನಮ್ಮಂಗ ಜೋಳಾ ಉಣ್ಣೋರ ಖರೆ, ಆದ್ರ ಲಾರಿ, ಬಂದರು, ಹಡಗು ಅಂತ ಚೀಲದ ರೇಟಿಗಿಂತ ಸಾಗಿಸೋ ಖರ್ಚ ಜಾಸ್ತಿ ಆಗ್ತೈತಿ, ಅದೂ ಅಲ್ದ ಅಲ್ಲಿ ಬರೇ ಮಳಿ ಕೈಕೊಟ್ಟದ್ದಲ್ಲ, 2023ರ ಏಪ್ರಿಲ್‌ದಿಂದ ಯುದ್ಧ ನಡದು ರೋಡೆಲ್ಲಾ ಬಂದ್ ಆಗಿ 2024ರ ಆಗಸ್ಟ್‌ನ್ಯಾಗ ಸುಡಾನ್‌ನ ಪಶ್ಚಿಮಕ್ಕಿರೋ ಡಾರ್ಫರ್‌ದಾಗ, ಮನಿ ಬಿಟ್ಟು ಓಡಿ ಬಂದೋರಿರೋ ಜಮ್‌ಜಮ್ ಕ್ಯಾಂಪಿನ್ಯಾಗ ಕ್ಷಾಮ ಐತಿ ಅಂತ ಖಾತ್ರಿ ಆತು. ರೊಕ್ಕಾನ ಕೊಡ್ರಿ, ನೆರವು ಕೊಡೋ ಸಂಸ್ಥೆಯವರು ಅಲ್ಲೇ ಸುತ್ತಮುತ್ತ ಖರೀದಿ ಮಾಡ್ತಾರ.

ಭಾಳ ಸೊರಗಿದ ಕೂಸುಗಳಿಗೆ ಏನ್ ಕೊಡ್ತಾರ ಗೊತ್ತೈತಿ? ಶೇಂಗಾ ಪೇಸ್ಟ್! ಶೇಂಗಾ, ಹಾಲಿನ ಪುಡಿ, ಸಕ್ರಿ, ಎಣ್ಣಿ, ವಿಟಮಿನ್ ಕೂಡಿಸಿದ 92 ಗ್ರಾಂ ಪಾಕೀಟು, 500 ಕ್ಯಾಲರಿ. ನೀರು ಹಾಕೂದಿಲ್ಲ, ಕುದಸೂದಿಲ್ಲ, ತುದಿ ಹರದು ಹಂಗ ಚೀಪಸೂದು. ಡಬ್ಬಿ ಮ್ಯಾಲ ಇದನ್ನ ಬರೀರಿ, ಶೇಂಗಾ ಹಿಂಡಿ ತಿನ್ನೋ ನಮ್ಮ ಮಂದಿಗೆ ಲಗೂನ ತಿಳೀತೈತಿ.

ಇನ್ನ ರೊಕ್ಕದ ವಿಷಯ. ಯಾರದೋ ಒಬ್ಬರ ಪರ್ಸನಲ್ ಫೋನ್ ನಂಬರಿಗೆ ಹಾಕಿಸ್ಬ್ಯಾಡ್ರಿ, ಆಮ್ಯಾಲ ಗೆಳೆತನಾನ ಕೆಡ್ತೈತಿ. ಡಬ್ಬಿಗೆ ಸೀಲ್ ಹಾಕಿ ನಾಕ್ ಮಂದಿ ಎದುರಿಗೆ ಎಣಸ್ರಿ, ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದ (ಡಬ್ಲ್ಯೂಎಫ್‌ಪಿ) ವೆಬ್‌ಸೈಟಿನ್ಯಾಗ ತುಂಬಿದ ರಸೀದಿ ಎಲ್ಲಾರಿಗೂ ತೋರಸ್ರಿ. 80ಜಿ ಟ್ಯಾಕ್ಸ್ ವಿನಾಯ್ತಿ ಮಾತ್ರ ಇದಕ್ಕ ಸಿಗೂದಿಲ್ಲ, ಕೇಳಿದೋರಿಗೆ ಮೊದಲ ಹೇಳಿಬಿಡ್ರಿ.